ಎರಡು ಗ್ರಾಂ ಸೀಸ, ಒಂದು ರಬ್ಬರ್ ಮೀನು

ಗಾಳಕ್ಕೆ ಎರೆಯಾಗಿ ಹಾಕುವ ರಬ್ಬರ್ ಮೀನನ್ನು (ಹೆಸರಿಗೆ ರಬ್ಬರ್, ನಿಜಕ್ಕೆ ಮೆತ್ತನೆಯ ಪ್ಲಾಸ್ಟಿಕ್) ಕೊಕ್ಕೆಗೆ ಪೋಣಿಸಲು ಅರ್ಧ ನಿಮಿಷ ಸಾಕು ಅಂದುಕೊಂಡೇ ನಾನು ಎರಡು ಹಂಗಾಮು ಕಳೆದೆ. ಬೆಳಗಿನ ಜಾವ ಹಾವೇರಿಯಿಂದ ಬೈಕ್ ಹತ್ತುವುದು, ಗಳಗನಾಥದ ಹತ್ತಿರ ವರದಾ ಬಂದು ತುಂಗಭದ್ರೆ ಸೇರುವ ಕಡೆ ದಂಡೆಯಲ್ಲಿ ನಿಲ್ಲುವುದು, ಬಿಸಿಲು ಏರಿದ ಮೇಲೆ ಬರಿಗೈಲಿ ಮನೆಗೆ ತಿರುಗುವುದು. ಅದೇ ದಂಡೆಯಲ್ಲಿ ಎರೆಹುಳು ಹಾಕಿ ಕೂತ ಹುಡುಗರ ಚೀಲದಲ್ಲಿ ಮೀನು ಒದ್ದಾಡುತ್ತಿದ್ದವು.

ಹುಳುವಿನ ಬದಲು ಹೀಗೆ ಹುಸಿ ಮೀನು ಹಾಕುವ ಪದ್ಧತಿ ಅಮೆರಿಕದಲ್ಲಿ ಬಾಸ್ ಮೀನು ಹಿಡಿಯುವವರದು. 1949ರಲ್ಲಿ ಒಹಾಯೋ ರಾಜ್ಯದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಮತ್ತು ಅವರ ಹೆಂಡತಿ ಮನೆಯಲ್ಲೇ ಮೆತ್ತನೆಯ ಪ್ಲಾಸ್ಟಿಕ್ ಹುಳು ಅಚ್ಚು ಹಾಕಿದರು. ಅಲ್ಲಿಂದ ಮುಂದೆ ಅದು ಮೀನಾಯಿತು, ಸೀಗಡಿಯಾಯಿತು, ಬಾಲ ಅಲ್ಲಾಡಿಸುವ ನೂರು ಬಗೆಯಾಯಿತು. ನಮ್ಮ ಹೊಳೆಯಲ್ಲಿ ಬಾಸ್ ಇಲ್ಲ. ಕೊರವ ಇದೆ, ಬಾಳೆ ಮೀನು ಇದೆ, ಕೆರೆಗಳಲ್ಲಿ ಜಿಲೇಬಿ ಮೀನು ಇದೆ. ಆದರೆ ಕೊರವನ ಬೇಟೆಯೂ ಬಾಸ್‌ನ ಹಾಗೆಯೇ: ಮರೆಯಲ್ಲಿ ಕಾದು ಕೂತು, ಬೇಟೆ ಹತ್ತಿರ ಬಂದಾಗ ದೊಡ್ಡ ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಹಗುರ ಸೀಸದ ತಲೆಯ ಕೊಕ್ಕೆಗೆ, ಅಂದರೆ ಜಿಗ್ ಹೆಡ್‌ಗೆ, ಪೋಣಿಸಿದ ರಬ್ಬರ್ ಮೀನು ಹಾಗೆ ಎಳೆದಾಗ ಸಲೀಸಾಗಿ ಬಾಯೊಳಗೆ ಹೋಗುತ್ತದೆ. ಮೇಲಾಗಿ ಅದು ನಿಧಾನ ಮುಳುಗುತ್ತದೆ. ನನಗೆ ಬಿದ್ದ ಮೀನುಗಳಲ್ಲಿ ಹೆಚ್ಚಿನವು ಹಿಡಿದದ್ದು ಅದು ಮುಳುಗುತ್ತಿರುವಾಗಲೇ.

ಜಿಗ್ ಹೆಡ್ ಅಂದರೆ ಕೊಕ್ಕೆಯ ಕುತ್ತಿಗೆಗೆ ಎರಕ ಹೊಯ್ದ ಸೀಸದ ತಲೆ. ಪೊಟ್ಟಣದ ಮೇಲೆ ತೂಕ ಔನ್ಸ್‌ನಲ್ಲಿ ಬರೆದಿರುತ್ತದೆ. 1/32 ಅಂದರೆ 0.9 ಗ್ರಾಂ, 1/16 ಅಂದರೆ 1.8, 1/8 ಅಂದರೆ 3.5. ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಒಮ್ಮೆ ನನ್ನ ಡಬ್ಬಿಯನ್ನೆಲ್ಲ ತೂಗಿ ನೋಡಿದೆ. ಒಂದೇ ಪೊಟ್ಟಣದ ತಲೆಗಳ ನಡುವೆಯೂ ಅಂತರ ಕಂಡಿತು. ಅಂದಿನಿಂದ ತೂಗಿ, ಬೇರೆ ಬೇರೆ ಖಾನೆಯಲ್ಲಿಡುತ್ತೇನೆ.

ನನ್ನ ಕಣ್ಣು ತೆರೆಸಿದವರು ಹರಿಗೋಲಿನಲ್ಲಿ ಬಲೆ ಬಿಡುವ ಒಬ್ಬ ಹಿರಿಯರು. ನಾನು ಎಳೆದುಕೊಳ್ಳುತ್ತಿದ್ದ ರಬ್ಬರ್ ಮೀನು ದಂಡೆಯ ತಿಳಿನೀರಿಗೆ ಬಂದಾಗ ಅವರು ಬಗ್ಗಿ ನೋಡಿದರು.

“ತಮ್ಮಾ, ನಿನ್ನ ಮೀನ ಯಾಕ ಗಿರಗಿಟ್ಲಿ ಹಂಗ ತಿರಗತೈತಿ? ಜೀವ ಇರೋ ಮೀನ ಹಂಗ ಈಸತೈತೇನ?”

“ರಬ್ಬರದ್ದರೀ ಕಾಕಾ.”

“ರಬ್ಬರದ್ದರ ಇರಲಿ, ಕಟ್ಟಿಗೀದರ ಇರಲಿ. ನೆಟ್ಟಗ ಇರಬೇಕ.”

ಮನೆಗೆ ಬಂದು ಡಬ್ಬಿಯಲ್ಲಿದ್ದ ಎಲ್ಲವನ್ನೂ ಬೆಳಕಿಗೆ ಹಿಡಿದೆ. ಒಂದೂ ನೆಟ್ಟಗಿರಲಿಲ್ಲ. ಕೊಕ್ಕೆ ಬೇಗ ಹೊರಬಂದಿದ್ದರೆ ಬೆನ್ನು ಬಿಲ್ಲಿನಂತೆ ಬಾಗಿತ್ತು, ತಡವಾಗಿ ಬಂದಿದ್ದರೆ ಮೈ ಮುದುಡಿತ್ತು, ಮಗ್ಗುಲಿಗೆ ಬಂದಿದ್ದರೆ ಬಾಲ ಓರೆಯಾಗಿತ್ತು. ಎಳೆದಾಗ ಸುತ್ತು ತಿರುಗಿ ದಾರವೂ ಹುರಿಗೊಳ್ಳುತ್ತಿದ್ದದ್ದು ಇದರಿಂದಲೇ.

ಈಗ ಹೀಗೆ ಮಾಡುತ್ತೇನೆ. ಮೊದಲು ಜಿಗ್ ಹೆಡ್ಡನ್ನು ರಬ್ಬರ್ ಮೀನಿನ ಮಗ್ಗುಲಿಗೆ ಹಿಡಿದು, ಸೀಸದ ತಲೆಯ ಹಿಂಬದಿಯನ್ನು ಮೀನಿನ ಮೂತಿಗೆ ಸರಿಯಾಗಿ ಹೊಂದಿಸುತ್ತೇನೆ. ಕೊಕ್ಕೆಯ ಬಾಗು ಎಲ್ಲಿಗೆ ಬರುತ್ತದೋ ಅಲ್ಲಿ ಬೆನ್ನಿನ ಮೇಲೆ ಉಗುರಿನಿಂದ ಗುರುತು. ಅಚ್ಚಿನ ಎರಡು ಹೋಳು ಕೂಡಿದ ಗೆರೆ ಬೆನ್ನಿನ ಮೇಲಿದ್ದರೆ ಕೊಕ್ಕೆ ಆ ಗೆರೆಯ ಮೇಲೆಯೇ ಹೊರಬರಬೇಕು. ಮೊನೆಯನ್ನು ಮೂತಿಯ ನಟ್ಟನಡುವೆ ಚುಚ್ಚಿ, ಕೊಕ್ಕೆಯನ್ನು ತಳ್ಳುವ ಬದಲು ರಬ್ಬರನ್ನೇ ಸ್ವಲ್ಪ ಸ್ವಲ್ಪ ಕೊಕ್ಕೆಯ ಮೇಲೆ ಏರಿಸುತ್ತ ಹೋಗಬೇಕು. ಲಂಗದ ಲಾಡಿಗೆ ಪಿನ್ನು ಸಿಕ್ಕಿಸಿ ಬಟ್ಟೆ ಸರಿಸುತ್ತಾರಲ್ಲ, ಹಾಗೆ. ಗುರುತಿಗೆ ಬಂದಾಗ ಮೊನೆ ಹೊರಗೆ. ಕೊನೆಗೆ ಮೂತಿಯನ್ನು ಸೀಸದ ಹಿಂದಿನ ಮುಳ್ಳಿನ ಮೇಲೆ ಒತ್ತಿದರೆ ನಡುವೆ ಸಂದು ಉಳಿಯಬಾರದು. ತಪ್ಪಾದರೆ ಒಮ್ಮೆ ಮಾತ್ರ ತೆಗೆದು ಪೋಣಿಸಬಹುದು. ಎರಡನೇ ಸಲಕ್ಕೆ ತೂತು ಸಡಿಲವಾಗಿ ಮೀನು ಜಾರುತ್ತದೆ. ಆಗ ಆ ಮುಳ್ಳಿನ ಮೇಲೆ ಒಂದು ಹನಿ ಫೆವಿಕ್ವಿಕ್ ಹಾಕುತ್ತೇನೆ.

ಪೊಟ್ಟಣದಲ್ಲಿ ಮಡಚಿಕೊಂಡೇ ಬಂದ ರಬ್ಬರ್ ಮೀನನ್ನು ಎಷ್ಟು ಚೆನ್ನಾಗಿ ಪೋಣಿಸಿದರೂ ಸೊಟ್ಟಗೇ ಈಸುತ್ತದೆ. ಅದನ್ನು ಕುದಿಯದ, ಬಿಸಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ತಟ್ಟೆಯಲ್ಲಿ ನೆಟ್ಟಗೆ ಮಲಗಿಸಿ ಆರಲು ಬಿಟ್ಟರೆ ಸರಿಹೋಗುತ್ತದೆ. ಇನ್ನೊಂದು ಮಾತು: ರಬ್ಬರಿನಂತೆ ಹಿಗ್ಗುವ, ನೀರಲ್ಲಿ ತೇಲುವ ಹೊಸ ಬಗೆಯ ಪ್ಲಾಸ್ಟಿಕ್ ಬರುತ್ತದೆ. ಅದನ್ನು ಸಾದಾ ಬಗೆಯ ಜತೆ ಒಂದೇ ಡಬ್ಬಿಯಲ್ಲಿಟ್ಟರೆ ಎರಡೂ ಕರಗಿ ಅಂಟಾಗುತ್ತವೆ. ನನ್ನ ಒಂದಿಡೀ ಡಬ್ಬಿ ಹಾಗೆ ಹಾಳಾಯಿತು.

ಎಸೆಯುವ ಮೊದಲು ಕಾಲ ಬುಡದ ನೀರಿನಲ್ಲಿ ಒಂದು ಮಾರು ಎಳೆದು ನೋಡುವುದನ್ನು ನಾನು ಈಗ ಬಿಡುವುದಿಲ್ಲ. ತಿರುಗಿದರೆ ಮತ್ತೆ ಪೋಣಿಸುತ್ತೇನೆ.

ಮಳೆಗಾಲದ ಕೆಂಪು ನೀರು ಇಳಿದು, ದೀಪಾವಳಿ ಕಳೆದು ಹೊಳೆ ತಿಳಿಯಾದ ಮೇಲೆ ಈ ಕೆಲಸಕ್ಕೆ ಹಂಗಾಮು. ಹರಿವು ಸುತ್ತಿ ನಿಲ್ಲುವ ಮಡುವಿನ ಅಂಚು ನನ್ನ ಜಾಗ. ಏಳು ಸೆಂಟಿಮೀಟರಿನ ಬೂದು ಬಣ್ಣದ ಮೀನಿಗೆ ಎರಡು ಗ್ರಾಂ ತಲೆ, ತೆಳು ಬ್ರೇಡ್ (ಹೆಣೆದ) ದಾರ, ತುದಿಗೆ ಲೀಡರ್, ಅಂದರೆ ಕೊಕ್ಕೆ ಕಟ್ಟುವ ತುಂಡು ದಾರವಾಗಿ, ಒಂದು ಮಾರು ಫ್ಲೋರೋಕಾರ್ಬನ್ ಎಳೆ. ನೀರಿಗೆ ಬಿದ್ದಾಗಿನಿಂದ ಎಣಿಸುತ್ತೇನೆ: ಒಂದು, ಎರಡು, ಮೂರು... ತಳ ತಾಕಲು ಎಂಟು ಬೇಕಿದ್ದ ಕಡೆ ಐದಕ್ಕೇ ದಾರ ಸಡಿಲವಾದರೆ ಮೀನು ಬಾಯಿ ಹಾಕಿದೆ ಎಂದೇ ಅರ್ಥ. ಮೊದಲ ಕೊರವ ಬಂದದ್ದು ಹಾಗೆ, ಐದಕ್ಕೆ. ಗಾಳಿ ಜೋರಿದ್ದು ದಾರ ಬಿಲ್ಲಾಗಿ ಎಣಿಕೆ ತಪ್ಪಿದರೆ ಮಾತ್ರ ಮೂರೂವರೆ ಗ್ರಾಂಗೆ ಹೋಗುತ್ತೇನೆ.

ಹಗುರ ತಲೆಗೆ ಹೆಚ್ಚಾಗಿ ತೆಳು ತಂತಿಯ ಕೊಕ್ಕೆಯೇ ಬರುತ್ತದೆ. ಒಂದು ಸಂಜೆ ದೊಡ್ಡ ಬಾಳೆ ಮೀನೊಂದು ಗಾಳ ಕಚ್ಚಿ, ನಾನು ರೀಲು ಬಿಗಿ ಮಾಡಿದ್ದಕ್ಕೆ ಕೊಕ್ಕೆ ನೆಟ್ಟಗಾಗಿ ಕೈಗೆ ಬಂತು. ಈಗ ಬಾಳೆ ಓಡಾಡುವ ಹೊತ್ತಿಗೆ ದಪ್ಪ ತಂತಿಯದನ್ನೇ ಕಟ್ಟುತ್ತೇನೆ. ಅದರ ಚೂಪು ಹಲ್ಲಿಗೆ ಲೀಡರ್ ಸವೆಯುವುದರಿಂದ ಪ್ರತಿ ಮೀನಿನ ನಂತರ ಬೆರಳಾಡಿಸಿ ನೋಡುತ್ತೇನೆ.

ಕೆರೆಗಳ ಮಾತು ಬೇರೆ. ಹುಲ್ಲು, ತಾವರೆ ಎಲೆ ತುಂಬಿದಲ್ಲಿ ಮೊನೆ ತೆರೆದ ಜಿಗ್ ಹೆಡ್ ಪ್ರತಿ ಎಸೆತಕ್ಕೂ ಸಿಕ್ಕಿಕೊಳ್ಳುತ್ತದೆ. ಹಲವು ಕೆರೆಗಳ ಮೀನಿನ ಹಕ್ಕು ಸಹಕಾರ ಸಂಘದ್ದೋ ಗುತ್ತಿಗೆದಾರರದ್ದೋ ಆಗಿರುತ್ತದೆ. ಅವರನ್ನು ಕೇಳದೆ ನಾನು ಗಾಳ ಹಾಕುವುದಿಲ್ಲ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವ ಹಾಗೆ ಕಂಡರೆ ಅದರ ಕೆಳಗೆ ತಾಯಿ ತಂದೆ ಕೊರವ ಕಾವಲಿರುತ್ತವೆ. ಏನು ಹಾಕಿದರೂ ಅವು ಮೇಲೆ ಬೀಳುತ್ತವೆ, ಹಿಡಿಯುವುದು ಸುಲಭ. ಹಿಡಿದರೆ ಆ ಮರಿಗಳನ್ನು ಬೇರೆ ಮೀನುಗಳು ನುಂಗಿಬಿಡುತ್ತವೆ. ಅಂಥ ಕಡೆ ರಾಡನ್ನು ಚೀಲಕ್ಕೆ ಹಾಕಿ ಏರಿಯ ಇನ್ನೊಂದು ತುದಿಗೆ ನಡೆಯುತ್ತೇನೆ.