ಡಯಾಲಿಸಿಸ್ ವಾರ್ಡಿನಲ್ಲಿ ಹಸೆ ಚಿತ್ತಾರ, ಜೊತೆಗೊಂದಿಷ್ಟು ಹಾಡು

ಡಯಾಲಿಸಿಸ್ ಒಂದು ಸಲಕ್ಕೆ ಸುಮಾರು 4 ಗಂಟೆ, ಬಹಳ ಜನರಿಗೆ ವಾರಕ್ಕೆ ಎರಡು ಮೂರು ಸಲ. ಹೊಸನಗರದ ಒಳಗಿನ ಹಳ್ಳಿಯಿಂದ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಬಂದವರು ಅಷ್ಟು ಹೊತ್ತು ಸೂರು ನೋಡುತ್ತಾ ಮಲಗಿರುತ್ತಾರೆ. ಅವರಿಂದ ಚಿತ್ರ ಬರೆಸಲು, ಅವರಿಗೆ ಹಾಡು ಹೇಳಲು ಹೋಗುವವರು ನೆನಪಿಡಿ: ಚಿತ್ರ, ಹಾಡಿನಿಂದ ಕಿಡ್ನಿ ಸರಿಯಾಗುವುದಿಲ್ಲ. ಬೇಸರ, ಆತಂಕ ಇಳಿಯಬಹುದು. ಅದಕ್ಕಿಂತ ಹೆಚ್ಚಿನ ಆಸೆ ಹುಟ್ಟಿಸಬೇಡಿ.

ಹೊತ್ತು ನೋಡಿ ಶುರು ಮಾಡಿ. ಸೂಜಿ ಹಾಕಿ ಅರ್ಧ ಗಂಟೆಯಾದರೂ ಕಳೆಯಲಿ. ಕೊನೆಯ ಗಂಟೆಯಲ್ಲಿ ಬಿ.ಪಿ. ಇಳಿಯುವುದು ಹೆಚ್ಚು, ಆಗ ಬೇಡ. ನಡುವೆ ಒಬ್ಬರಿಗೆ 30–40 ನಿಮಿಷ ಸಾಕು. ಫಿಸ್ಟುಲಾ ಕೈ, ಅಂದರೆ ಸೂಜಿ ಹಾಕಿದ ಕೈ, ಅಲ್ಲಾಡಕೂಡದು. ಬರೆಯುವ ಕೈಯೇ ಅದಾಗಿದ್ದರೆ ಇನ್ನೊಂದರಲ್ಲಿ ಬರೆಯಲಿ, ಗೆರೆ ಸೊಟ್ಟಗಾದರೆ ಆಗಲಿ. ಬರೆಯುವ ರಟ್ಟು ಜಾರದಂತೆ ನಾಲ್ಕು ಮೂಲೆಗೂ ಪೇಪರ್ ಟೇಪ್ ಹಚ್ಚಿ.

ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಂಗಸರು ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ ಬೇಕು. ವಾರ್ಡಿಗೆ ಇವು ಯಾವುವೂ ಬೇಡ. ಮಣ್ಣಿನಲ್ಲಿ ಬೂಷ್ಟಿನ ಕಣ ಇರುತ್ತದೆ, ಅಕ್ಕಿ ಹಿಟ್ಟು ಮರುದಿನಕ್ಕೆ ಹುಳಿದು ಇರುವೆ ಕರೆಯುತ್ತದೆ, ನಾರಿನ ಕುಂಚ ಸ್ವಚ್ಛವಾಗುವುದಿಲ್ಲ. ಬದಲಿಗೆ ಎ5 ಅಳತೆಯ ದಪ್ಪ ರಟ್ಟಿಗೆ ಕೆಮ್ಮಣ್ಣು ಬಣ್ಣದ ಅಕ್ರಿಲಿಕ್ ಅನ್ನು ಮನೆಯಲ್ಲೇ ಎರಡು ಸಲ ಬಳಿದು ತನ್ನಿ. ಬೇಸಿಗೆಯಲ್ಲಿ ಒಂದು ರಾತ್ರಿಗೆ ಒಣಗೀತು; ಆಷಾಢದ ಮಳೆಯಲ್ಲಿ ಎರಡು ದಿನ ಬಿಡಿ. ಹಸಿ ಇರುವಾಗಲೇ ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಂಡು ಬಣ್ಣ ಕಿತ್ತು ಬರುತ್ತದೆ. ಬರೆಯಲು ನೀರಿನ ಬಣ್ಣ ತುಂಬಿದ ಬಿಳಿ ಪೇಂಟ್ ಪೆನ್ ಕೊಡಿ: ಲೋಟ ಬೇಡ, ಯಂತ್ರದ ಪಕ್ಕ ಚೆಲ್ಲುವ ಭಯವೂ ಇಲ್ಲ. ಸ್ಪಿರಿಟ್ ಮಾರ್ಕರ್ ವಾಸನೆಗೆ ವಾಕರಿಕೆ ಬರುತ್ತದೆ. ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ 1 ಸೆಂ.ಮೀ. ಚೌಕ ಹಾಕಿಟ್ಟಿದ್ದರೆ, ಮೊದಲು ಅಂಚು, ಆಮೇಲೆ ಓರೆ ಗೆರೆ ಎಂದು ಯಾರೂ ಬರೆದಾರು. ತಿದ್ದಲು ಹೋಗಬೇಡಿ.

ಹಾಡಿಗೆ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದು, ಹೇಳಿ ಮಾಡಿಸಿದ್ದು. ಶಿವಮೊಗ್ಗದ ಬಳಿಯ ಮತ್ತೂರು, ಹೊಸಹಳ್ಳಿಯ ಗಮಕಕ್ಕೆ ಒಂದು ಕಂಠ ಸಾಕು, ಪಕ್ಕವಾದ್ಯದ ಹಂಗಿಲ್ಲ. ಚೆಂಡೆ ಎಷ್ಟೇ ಇಷ್ಟವಿದ್ದರೂ ವಾರ್ಡಿಗಲ್ಲ. ಮಾತಾಡುವಷ್ಟೇ ದನಿಯಲ್ಲಿ ಹಾಡಿ. ಎಲ್ಲಕ್ಕಿಂತ ದೂರದ ಯಂತ್ರದ ಅಲಾರಂ ಕೇಳಿಸಬೇಕು. ಏನು ಕೇಳುತ್ತೀರಿ ಎಂದು ಮೊದಲು ಕೇಳಿ. ಭಜನೆ ಕೆಲವರಿಗೆ ಸಮಾಧಾನ, ಕೆಲವರಿಗೆ ಸಾವಿನ ಮನೆಯ ನೆನಪು. ಬೇಡ ಎಂದವರ ಪಕ್ಕದ ಹಾಸಿಗೆಯಲ್ಲೂ ಹಾಡಬೇಡಿ. ರೋಗಿಗಳೇ ಹಾಡುವುದಾದರೆ ಎರಡು ಮೂರು ನುಡಿ ಸಾಕು: ಬಾಯಿ ಒಣಗುತ್ತದೆ, ನೀರು ಕುಡಿಯಲು ಮಿತಿಯಿದೆ.

ಆಕಳಿಕೆ ಬಂತೆಂದರೆ ಬೇಸರವಾಯಿತು ಎಂದುಕೊಳ್ಳಬೇಡಿ. ಆಕಳಿಕೆ, ಬೆವರು, ವಾಕರಿಕೆ, ಕಾಲು ಸೆಳೆತ ಬಿ.ಪಿ. ಇಳಿಯುತ್ತಿರುವ ಗುರುತಾಗಿರಬಹುದು. ತಕ್ಷಣ ಸಿಸ್ಟರನ್ನು ಕರೆದು, ರಟ್ಟು ತೆಗೆದು, ಹಾಸಿಗೆಯ ಸುತ್ತ ಜಾಗ ಬಿಡಿ.

ಪೆನ್ನು ಇನ್ನೊಬ್ಬರಿಗೆ ಹೋಗುವ ಮುನ್ನ ಸ್ಪಿರಿಟ್ ಹತ್ತಿಯಲ್ಲಿ ಒರೆಸಿ. ರಟ್ಟು ಬರೆದವರದೇ, ಮನೆಗೆ ಒಯ್ಯಲಿ. ಯಾರು ಯಾವ ಹಾಡು ಕೇಳಿದರು, ಯಾರು ಬೇಡ ಎಂದರು ಎಂಬುದನ್ನು ಹಾಸಿಗೆ ನಂಬರಿನಲ್ಲಿ ಬರೆದಿಟ್ಟರೆ ಕೆಲಸಕ್ಕೆ ಬಾರದು. ಮುಂದಿನ ಸಲ ಹಾಸಿಗೆ ಬದಲಾಗಿರುತ್ತದೆ. ಹೆಸರು ಬರೆದು, ಪುಸ್ತಕ ಸಿಸ್ಟರ ಬಳಿಯೇ ಇಡಿ.