ಕಾಲಾಳು ಎರಡು ಮನೆ ನಡೆದಾಗ

ಗಂಗಾವತಿಯಲ್ಲಿ ಭತ್ತದ ವ್ಯಾಪಾರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ಚದುರಂಗ ಕಲಿತದ್ದು ಆ ಅಂಗಡಿಯ ಕಟ್ಟೆಯ ಮೇಲೆ, ಹಳೆಯ ಭಾರತೀಯ ನಿಯಮದಲ್ಲಿ. ಅಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು. ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಇಲ್ಲ, ಅದರ ಬದಲು ಚೆಕ್ ಬೀಳುವ ಮುನ್ನ ರಾಜ ಒಮ್ಮೆ ಕುದುರೆಯಂತೆ ಜಿಗಿಯಬಹುದು. ಮಗಳು ಶಾಲೆಯ ಸ್ಪರ್ಧೆಗೆ ಹೆಸರು ಕೊಟ್ಟಾಗ ಅಂತರರಾಷ್ಟ್ರೀಯ ನಿಯಮದ ಆಟವನ್ನು ಅವಳ ಜೊತೆ ಕೂತು ಕಲಿತೆ. ನಿಯಮಗಳಿಗೆ ಒಂದು ಸಂಜೆ ಸಾಕು. ಆಟದ ಆರಂಭಕ್ಕೆ ಕೈ ಪಳಗಿಸುವುದಕ್ಕೇ ಹೆಚ್ಚು ಕಾಲ ಹಿಡಿಯಿತು.

ಕಾರಣ ಆ ಒಂದು ಮನೆಯ ವ್ಯತ್ಯಾಸ. ಕಾಲಾಳು ಒಂದೊಂದೇ ಹೆಜ್ಜೆ ಇಡುವ ಆಟದಲ್ಲಿ ಎರಡು ಸೈನ್ಯಗಳು ಎದುರುಬದುರಾಗಲು ಬಹಳ ಹೊತ್ತು ಬೇಕು. ಅಷ್ಟರಲ್ಲಿ ಅಂಚಿನ ಕಾಲಾಳುಗಳನ್ನು ತಳ್ಳುತ್ತ, ನಿಧಾನವಾಗಿ ಕೋಟೆ ಕಟ್ಟುತ್ತ ಕೂರಬಹುದು. ಎರಡು ಮನೆ ನಡೆದರೆ ಮೊದಲ ನಡೆಗೇ ಮಣೆಯ ನಡುವೆ ಜಗಳ ಶುರುವಾಗುತ್ತದೆ. ಆಗ ಅಂಚಿನ ಕಾಲಾಳಿಗೆ ಖರ್ಚು ಮಾಡಿದ ಒಂದು ನಡೆಯೂ ಎದುರಾಳಿಗೆ ಕೊಟ್ಟ ಸಾಲವೇ. ನಡುವಿನ ನಾಲ್ಕು ಮನೆಗಳು, ಅಂದರೆ ಇ4, ಡಿ4, ಇ5, ಡಿ5 (ಅಕ್ಷರ ಬಿಳಿಯವರ ಎಡದಿಂದ ಎಣಿಸಿದ ಕಂಬಸಾಲು, ಅಂಕಿ ಬಿಳಿಯವರ ಕಡೆಯಿಂದ ಎಣಿಸಿದ ಅಡ್ಡಸಾಲು), ಇವುಗಳ ಮೇಲೆ ನನ್ನ ನಡೆಯಿಂದ ಏನಾಯಿತು ಎಂದು ಪ್ರತಿ ಸಲ ಕೇಳಿಕೊಳ್ಳುವುದು ನಾನು ರೂಢಿಸಿಕೊಂಡ ಮೊದಲ ಅಭ್ಯಾಸ.

ಕುದುರೆಯನ್ನು ಎಲ್ಲಿಗೆ ತರಬೇಕು ಎಂಬುದನ್ನು ಮಗಳಿಗೆ ಬಾಯಿಮಾತಿನಲ್ಲಿ ಹೇಳದೆ ಎಣಿಸಲು ಹೇಳಿದೆ. ಖಾಲಿ ಮಣೆಯಲ್ಲಿ ಎಫ್3ರಲ್ಲಿ ನಿಂತ ಕುದುರೆ ಎಂಟು ಮನೆಗಳಿಗೆ ಹೋಗಬಲ್ಲದು. ಎಚ್3ರಲ್ಲಿ ನಿಂತರೆ ನಾಲ್ಕೇ. ಅಂದಿನಿಂದ ಅವಳ ಕುದುರೆ ಅಂಚಿಗೆ ಹೋದದ್ದನ್ನು ನಾನು ಕಂಡಿಲ್ಲ.

ನನ್ನ ಕೈ ಬಿಡಲೊಪ್ಪದ ನಡೆ ಮಾತ್ರ ಬೇರೆಯದು: ರಾಜನ ಪಕ್ಕದ ಜಿ ಕಾಲಾಳನ್ನು ಒಂದು ಮನೆ ತಳ್ಳುವುದು. ಕಟ್ಟೆಯ ಆಟದಲ್ಲಿ ಅದಕ್ಕೆ ಅರ್ಥವಿದೆ. ಇ1ರಲ್ಲಿರುವ ರಾಜ ಕುದುರೆಯಂತೆ ಜಿಗಿದು ಜಿ2ಕ್ಕೆ ಸೇರಬೇಕಾದರೆ ಆ ಮನೆ ಖಾಲಿಯಿರಬೇಕು. ಹೊಸ ನಿಯಮದಲ್ಲಿ ರಾಜ ಅಲ್ಲಿಗೆ ಜಿಗಿಯುವುದಿಲ್ಲ. ಹಾಗಾಗಿ ಕಾಲಾಳು ಮುಂದೆ ಹೋಗಿ ಎಫ್3, ಎಚ್3 ಮನೆಗಳಿಗೆ ಕಾವಲು ತಪ್ಪುತ್ತದೆ, ಅಷ್ಟೇ. ಆ ನಡೆ ಆಡಲೇಬೇಕೆಂದರೆ ಜಿ2ಕ್ಕೆ ಒಂಟೆಯನ್ನು ತಂದು ನಿಲ್ಲಿಸಬೇಕು. ಆಗ ಅದು ಕರ್ಣದುದ್ದಕ್ಕೂ ನಡುಮಣೆಯನ್ನು ನೋಡುತ್ತದೆ. 19ನೆಯ ಶತಮಾನದ ನಡುಭಾಗದಲ್ಲಿ ಕಲ್ಕತ್ತೆಯಲ್ಲಿ ಮಹೇಶ್ಚಂದ್ರ ಬ್ಯಾನರ್ಜಿಯವರು ಸ್ಕಾಟ್ಲೆಂಡಿನ ಆಟಗಾರ ಜಾನ್ ಕೋಕ್ರೇನ್ ಎದುರು ಕಪ್ಪು ಕಾಯಿಗಳಲ್ಲಿ ಆಡಿದ ಆಟಗಳ ದಾಖಲೆ ಉಳಿದಿದೆ. ಅವುಗಳಲ್ಲೂ ಜಿ ಕಾಲಾಳು ಒಂದು ಮನೆ ನಡೆದು, ಅದರ ಹಿಂದೆ ಒಂಟೆ ಕೂತಿದೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಕೂಡ ಮೊದಲು ಕಲಿತದ್ದು ಭಾರತೀಯ ನಿಯಮವನ್ನೇ. ಆರಂಭದ ನಡೆಗಳಲ್ಲಿ ಹಿಂದೆ ಬೀಳುತ್ತಿದ್ದರೂ 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಕಟ್ಟೆಯ ಕಾಕಾನಿಗೆ ಇದನ್ನು ಹೇಳಿದಾಗ, "ನಮ್ಮ ಆಟ ಕಡಿಮೆಯದಲ್ಲ ಎಂದು ನಾನು ಹೇಳಿರಲಿಲ್ಲವೇ ತಮ್ಮಾ" ಎಂದರು.

ಶಾಲೆಯ ಸ್ಪರ್ಧೆಗಳಲ್ಲಿ ಮಕ್ಕಳು ಬೀಳುವ ಹಳ್ಳ ಒಂದೇ. ಬಿಳಿಯವರು ಇ4 ಆಡಿ, ಕಪ್ಪು ಇ5 ಎಂದು ಉತ್ತರಿಸಿದೊಡನೆ, ಎರಡನೆಯ ನಡೆಗೇ ಮಂತ್ರಿಯನ್ನು ಎಚ್5ಕ್ಕೆ ತರುತ್ತಾರೆ. ಮೂರಕ್ಕೆ ಒಂಟೆ ಸಿ4ಕ್ಕೆ. ನಾಲ್ಕಕ್ಕೆ ಎಫ್7ರಲ್ಲಿ ಮೇಟ್, ಆಟ ಮುಗಿಯಿತು. ಎಫ್7ರ ಕಾಲಾಳಿಗೆ ರಾಜನ ಹೊರತು ಬೇರೆ ಕಾವಲಿಲ್ಲ ಎಂಬುದೇ ಇದರ ಗುಟ್ಟು. ಉತ್ತರ ಸರಳ: ಸಿ6ಕ್ಕೆ ಕುದುರೆ ತಂದು ಇ5ರ ಕಾಲಾಳನ್ನು ಕಾಯ್ದುಕೊಂಡು, ಒಂಟೆ ಬಂದ ಕೂಡಲೇ ಕಾಲಾಳನ್ನು ಜಿ6ಕ್ಕೆ ತಳ್ಳಿ ಮಂತ್ರಿಯನ್ನು ಅಟ್ಟುವುದು. ಅದು ಎಫ್3ಕ್ಕೆ ಹಿಂದೆ ಸರಿದು ಮತ್ತೆ ಎಫ್7ರ ಮೇಲೆ ಕಣ್ಣಿಟ್ಟರೆ ಎಫ್6ಕ್ಕೆ ಇನ್ನೊಂದು ಕುದುರೆ. ಈಗ ಕಪ್ಪಿನ ಎರಡೂ ಕುದುರೆಗಳು ಹೊರಗಿವೆ. ಬಿಳಿಯ ಮಂತ್ರಿ ತನ್ನದೇ ಕುದುರೆ ಬರಬೇಕಿದ್ದ ಮನೆಯಲ್ಲಿ ಕೂತಿದೆ. ಮಂತ್ರಿಯನ್ನು ಬೇಗ ಹೊರಗೆ ತರಬೇಡಿ ಎಂಬ ಉಪದೇಶಕ್ಕಿಂತ ಈ ಚಿತ್ರ ಮಕ್ಕಳಿಗೆ ಬೇಗ ನಾಟುತ್ತದೆ.

ಆರಂಭಗಳ ಹೆಸರುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವವರ ಬಗ್ಗೆ ನನಗೆ ಗೌರವವಿಲ್ಲ. ಬಿಳಿಗೆ ನಾವು ಇಟಾಲಿಯನ್ ಎಂಬ ಆರಂಭ ಒಂದನ್ನೇ ಹಿಡಿದುಕೊಂಡೆವು. ಇ4, ಎದುರಿಗೆ ಇ5. ಕುದುರೆ ಎಫ್3ಕ್ಕೆ, ಅದು ಇ5ರ ಕಾಲಾಳನ್ನು ಹೊಡೆಯುವ ಬೆದರಿಕೆ. ಕಪ್ಪು ಕುದುರೆ ಸಿ6ಕ್ಕೆ, ಅದರ ರಕ್ಷಣೆ. ಒಂಟೆ ಸಿ4ಕ್ಕೆ, ಮತ್ತೆ ಎಫ್7ರತ್ತ ನೋಟ. ಮುಂದಿನ ನಡೆಗೆ ಕ್ಯಾಸ್ಲಿಂಗ್ ಸಿದ್ಧ. ರಾಜನಾಗಲಿ ಆ ಬದಿಯ ಆನೆಯಾಗಲಿ ಅಲ್ಲಿಯವರೆಗೆ ಕದಲಿರಬಾರದು, ರಾಜನಿಗೆ ಚೆಕ್ ಇರಬಾರದು, ಅವನು ದಾಟುವ ಮನೆಯ ಮೇಲೂ ಸೇರುವ ಮನೆಯ ಮೇಲೂ ಎದುರಾಳಿಯ ಹಿಡಿತವಿರಬಾರದು. ಕಟ್ಟೆಯ ಜಿಗಿತಕ್ಕಿಂತ ಇದು ಲಾಭದ್ದು, ಏಕೆಂದರೆ ರಾಜ ಮೂಲೆ ಸೇರುವ ನಡೆಯಲ್ಲೇ ಆನೆಯೂ ಹೊರಬರುತ್ತದೆ.

ಒಂದು ಕಾಯಿಯನ್ನು ಆರಂಭದಲ್ಲಿ ಎರಡು ಸಲ ನಡೆಸಬೇಡ ಎಂದು ಮಗಳಿಗೆ ಹೇಳಿಟ್ಟಿದ್ದೆ. ಅವಳು ಇದೇ ಇಟಾಲಿಯನ್‌ನಲ್ಲಿ, ನಾನು ಕುದುರೆಯನ್ನು ಎಫ್6ಕ್ಕೆ ತಂದೊಡನೆ, ತನ್ನ ಕುದುರೆಯನ್ನು ಜಿ5ಕ್ಕೆ ಹಾರಿಸಿ, "ಅಪ್ಪಾ, ಈಗ ಎಫ್7ರ ಮೇಲೆ ಎರಡು ಕಾಯಿಗಳಿವೆ" ಎಂದಳು. ಸರಿಯೇ. ಅಲ್ಲಿ ಕಪ್ಪು ಕಾಲಾಳನ್ನು ಡಿ5ಕ್ಕೆ ತಳ್ಳಿ ಒಂಟೆಯ ದಾರಿಗೆ ಅಡ್ಡ ನಿಲ್ಲಿಸಬೇಕು. ಬಿಳಿಯ ಕಾಲಾಳು ಅದನ್ನು ಹೊಡೆದಾಗ ಕುದುರೆಯಿಂದ ತಿರುಗಿ ಹೊಡೆಯುವ ಆಸೆಯಾಗುತ್ತದೆ. ಹೊಡೆದರೆ ಬಿಳಿಯವರು ಎಫ್7ರಲ್ಲಿ ಕುದುರೆಯನ್ನು ಬಲಿಕೊಟ್ಟು, ಎಫ್3ರಿಂದ ಮಂತ್ರಿಯ ಚೆಕ್ ಕೊಟ್ಟು ರಾಜನನ್ನು ನಡುಮಣೆಗೆ ಎಳೆಯುತ್ತಾರೆ. ಅದಕ್ಕಿಂತ ಸಿ6ರ ಕುದುರೆಯನ್ನು ಎ5ಕ್ಕೆ ಒಯ್ದು ಒಂಟೆಯನ್ನು ಹೆದರಿಸುವುದು ಮೇಲು. ಕುದುರೆ ಅಂಚಿಗೆ ಹೋಗಬಾರದು ಎಂಬ ಮಾತೂ ಅಲ್ಲಿ ಸಡಿಲಾಗುತ್ತದೆ.

ಅಭ್ಯಾಸಕ್ಕೆ ಮೊಬೈಲ್‌ನಲ್ಲಿ ಲಿಚೆಸ್ ಎಂಬ ಚದುರಂಗದ ಆ್ಯಪ್ ಬಳಸುತ್ತೇವೆ. ಉಚಿತ, ಜಾಹೀರಾತಿನ ಕಾಟವಿಲ್ಲ. ಆಟ ಮುಗಿದ ಮೇಲೆ ಮೊದಲ ಹತ್ತು ನಡೆಗಳನ್ನಷ್ಟೇ ಹಿಂದೆ ತಿರುಗಿಸಿ ನೋಡುತ್ತೇವೆ. ಯಾವ ಕಾಯಿ ಇನ್ನೂ ಮನೆಯಿಂದ ಎದ್ದಿಲ್ಲ, ಯಾವ ನಡೆ ಯಾವ ಕಾಯಿಗೂ ದಾರಿ ಮಾಡಲಿಲ್ಲ, ಇಷ್ಟನ್ನು ರಟ್ಟಿನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತೇವೆ. ಲೆಕ್ಕ ಬರೆಯುವವನ ಚಟ ಎನ್ನಿ.

ಕಪ್ಪು ಕಾಯಿಗಳಲ್ಲಿ ಇ4ಕ್ಕೆ ಇ5 ಎಂದೇ ಉತ್ತರಿಸುತ್ತೇವೆ. ಬಿಳಿಯವರು ಡಿ4 ಆಡಿದರೆ ಡಿ5. ಅವರು ಕಾಲಾಳನ್ನು ಸಿ4ಕ್ಕೆ ತಂದರೆ ನಾವು ಇ6, ಆಮೇಲೆ ಎಫ್6ಕ್ಕೆ ಕುದುರೆ, ಇ7ಕ್ಕೆ ಒಂಟೆ, ಕ್ಯಾಸ್ಲಿಂಗ್. ಗಟ್ಟಿ ವ್ಯವಸ್ಥೆ, ಒಂದೇ ತೊಡಕು: ಸಿ8ರ ಒಂಟೆ ಇ6ರ ಕಾಲಾಳಿನ ಹಿಂದೆ ಸಿಕ್ಕಿಕೊಳ್ಳುತ್ತದೆ. ಬಿ ಕಾಲಾಳನ್ನು ಒಂದು ಮನೆ ತಳ್ಳಿ ಅದನ್ನು ಬಿ7ಕ್ಕೆ ತರುವುದು ನನ್ನ ಉಪಾಯ. ಮಗಳಿಗೆ ಅದು ಇಷ್ಟವಿಲ್ಲ. ಡಿ5ರ ಕಾಲಾಳಿನಿಂದ ಸಿ4ರಲ್ಲಿ ಹೊಡೆದು ದಾರಿ ಬಿಡಿಸೋಣ ಎನ್ನುತ್ತಾಳೆ. ಸದ್ಯ ಇಬ್ಬರೂ ತಮ್ಮ ತಮ್ಮ ದಾರಿಯಲ್ಲೇ ಆಡುತ್ತಿದ್ದೇವೆ.