ರಾತ್ರಿ ಎರಡು ಹತ್ತರ ಸಾಲು

ಆನ್‌ಲೈನ್ ರಮ್ಮಿಯಲ್ಲಿ ಮೂರು ತಿಂಗಳ ಪಗಾರ ಕಳೆದ ಮೇಲೆ ಲ್ಯಾಪ್‌ಟಾಪಿಗೆ ನಿಗಾ ಸಾಫ್ಟ್‌ವೇರ್ ಹಾಕಿಸಿಕೊಂಡವನು ನಾನೇ. ನಾನಿರುವುದು ಪುಣೆ ಹತ್ತಿರದ ಚಿಂಚವಡದಲ್ಲಿ, ಅಣ್ಣ ಪುಣೆಯ ಕೋಥರೂಡದಲ್ಲಿ. ವಾರಕ್ಕೊಮ್ಮೆ ನನ್ನ ಸೈಟುಗಳ ಪಟ್ಟಿ ಅವನ ಮೇಲ್‌ಗೆ ಹೋಗುತ್ತದೆ. ಮೂರನೇ ಭಾನುವಾರ ಫೋನ್ ಬಂತು.

"ತಮ್ಮಾ, ಮಂಗಳವಾರ ರಾತ್ರಿ ಎರಡು ಹತ್ತಕ್ಕ ರಮ್ಮಿ ಸೈಟ್ ತಗದೀಯಲ್ಲೋ?"

ತೆಗೆದಿರಲಿಲ್ಲ. ಆದರೆ ಹಿಂದೆ ಸುಳ್ಳು ಹೇಳಿದವನ ಮಾತನ್ನು ಯಾರು ನಂಬಬೇಕು? ಬ್ರೌಸರಿನ ಹಿಸ್ಟರಿ ತೋರಿಸಿ ಪ್ರಯೋಜನವಿಲ್ಲ, ಅದನ್ನು ಅಳಿಸಬಹುದೆಂದು ಅವನಿಗೂ ಗೊತ್ತು. "ಅಲ್ಲೇ ಬರ್ತೀನಿ, ಕೂಡೇ ನೋಡೂಣು" ಅಂದೆ.

ಮೊದಲು ಹೊತ್ತು ನೋಡಿದೆವು. ರಿಪೋರ್ಟಿನ ಸೆಟ್ಟಿಂಗ್‌ನಲ್ಲಿ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯದಲ್ಲಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ತಾಸು ಮುಂದೆ. ಅಂದರೆ ಆ 2:10 ನಮ್ಮ ಬೆಳಗಿನ 7:40. ಆಗ ನಾನು ಚಹಾ ಕುಡಿಯುತ್ತ ಪೇಪರ್ ಓದುತ್ತೇನೆ, ಲ್ಯಾಪ್‌ಟಾಪಿನಲ್ಲೇ.

ಆಮೇಲೆ ಆ ಸಾಲಿನ ಅಕ್ಕಪಕ್ಕ ನೋಡಿದೆವು. ಎರಡು ಸೆಕೆಂಡಿನೊಳಗೆ ಇಪ್ಪತ್ತಾರು ಹೆಸರು! ಪೇಪರಿನ ಸೈಟು, ಅದರ ಬೆನ್ನಿಗೆ ಡಬಲ್‌ಕ್ಲಿಕ್, ಜಿಸ್ಟ್ಯಾಟಿಕ್, ಕ್ಲೌಡ್‌ಫ್ರಂಟ್, ನಡುವೆ ಆ ರಮ್ಮಿ. ಎರಡು ಸೆಕೆಂಡಿನಲ್ಲಿ ಇಷ್ಟು ಸೈಟು ತೆರೆಯುವುದು ಮನುಷ್ಯನ ಕೈಲಾಗದ ಕೆಲಸ. ನಾವು ಒಂದು ಪುಟ ತೆರೆದರೆ ಆ ಪುಟ ತಾನೇ ಜಾಹೀರಾತು, ಚಿತ್ರ, ಅಕ್ಷರವಿನ್ಯಾಸಗಳನ್ನು ಹತ್ತಾರು ಕಡೆಯಿಂದ ತರಿಸಿಕೊಳ್ಳುತ್ತದೆ. ಡಬಲ್‌ಕ್ಲಿಕ್ ಜಾಹೀರಾತು ಜಾಲ, 2008ರಿಂದ ಗೂಗಲ್‌ನದು. ಜಿಸ್ಟ್ಯಾಟಿಕ್ ಕೂಡ ಗೂಗಲ್‌ನದೇ, ಚಿತ್ರ, ಅಕ್ಷರವಿನ್ಯಾಸ ಕಳಿಸುವುದು. ಕ್ಲೌಡ್‌ಫ್ರಂಟ್ ಬೇರೆ ಸೈಟುಗಳ ಸರಕನ್ನು ತಲುಪಿಸುವ ಅಮೆಜಾನ್‌ನ ಜಾಲ. ಅದರ ಮೂಲಕ ಬೇರೆ ಬೇರೆಯವರ ಸರಕು ಬರುತ್ತದೆ, ಹಾಗಾಗಿ ಬರೀ ಆ ಹೆಸರು ಕಂಡು ಒಬ್ಬನನ್ನು ಕಳ್ಳ ಅನ್ನಲೂ ಬಾರದು, ಸಾಚಾ ಅನ್ನಲೂ ಬಾರದು.

ಬಾಯಿಮಾತು ಸಾಲದು ಅನಿಸಿ ಬ್ರೌಸರಿನಲ್ಲಿ ಎಫ್12 ಕೀಲಿ ಒತ್ತಿ, ಪುಟ ಎಲ್ಲಿಂದ ಏನು ತರಿಸಿಕೊಳ್ಳುತ್ತದೆಂದು ತೋರಿಸುವ ನೆಟ್‌ವರ್ಕ್ ಪಟ್ಟಿ ತೆರೆದು, ಅದೇ ಪೇಪರಿನ ಪುಟವನ್ನು ಅಣ್ಣನ ಕೈಯಿಂದಲೇ ರಿಲೋಡ್ ಮಾಡಿಸಿದೆ. ಜಾಹೀರಾತು ಪ್ರತಿಸಲವೂ ಬದಲಾಗುತ್ತದೆ. ಐದನೇ ಸಲಕ್ಕೆ ರಮ್ಮಿ ಬಂತು. ಇನಿಶಿಯೇಟರ್ ಕಾಲಮ್ಮಿನಲ್ಲಿ ಅದನ್ನು ಕರೆದವರು ಯಾರೆಂದು ಕಾಣುತ್ತದೆ. ಜಾಹೀರಾತಿನ ಸ್ಕ್ರಿಪ್ಟ್ ಕರೆದಿತ್ತು. ಅಣ್ಣ ಕನ್ನಡಕ ತೆಗೆದು ನನ್ನ ಮುಖ ನೋಡಿದ. "ನಾ ಸುಮ್ಮನ ನಿನ್ನ ಮ್ಯಾಲ ಸಂಶೇ ಪಟ್ಟೆ" ಅಂದ. ಅವನು ಕೇಳಿದ್ದು ಸರಿಯೇ ಇತ್ತು. ಕೇಳದೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ನನಗೆ ಹೆಚ್ಚು ನೋವಾಗುತ್ತಿತ್ತು.

ಅತ್ತಿಗೆ ಊಟಕ್ಕೆ ಕರೆದರು. ನಾನು ಏಳಲಿಲ್ಲ. ಐದೂವರೆ ತಾಸು ಕೂಡಿಸುವುದಾದರೆ ಎಲ್ಲ ಸಾಲಿಗೂ ಕೂಡಿಸಬೇಕಲ್ಲ. ಗುರುವಾರ ಸಂಜೆ 6:20ಕ್ಕೆ ಒಂದು ಸೈಟಿತ್ತು. ಹೆಸರಿನಲ್ಲಿ ಆಟದ ಸುಳಿವಿಲ್ಲ, ಅಣ್ಣ ಅದನ್ನು ದಾಟಿಹೋಗಿದ್ದ. ನಮ್ಮ ಲೆಕ್ಕದಲ್ಲಿ ಅದು ರಾತ್ರಿ 11:50. ಅಕ್ಕಪಕ್ಕ ಜಾಹೀರಾತಿನ ಗುಂಪಿಲ್ಲ. ಅದೇ ಸೈಟಿನ ಪುಟಗಳು ಒಂದರ ಹಿಂದೊಂದು, ನಾಲ್ಕು ನಿಮಿಷ.

ಆ ಸಾಲಿನ ಮೇಲೆ ಬೆರಳಿಟ್ಟು, "ಅಣ್ಣಾ, ಇದು ಮಾತ್ರ ನಂದು" ಅಂದೆ.